ಬಾಬಣ್ಣನ ಸ್ಥಿರ ಸರಕಾರ

ಬಾಬಣ್ಣ ಮೈಕು ಮುಟ್ಟಿದವರಲ್ಲ. ಬಂಟ್ವಾಳ ಪೇಟೆಯ ಬಸ್ಸುಗಳ ಗದ್ದಲವನ್ನು ಬರಿಯ ಗಂಟಲಿನಿಂದಲೇ ಅಡಗಿಸುತ್ತಿದ್ದ ಬೀಡಿ ಕಾರ್ಮಿಕರ ನಾಯಕರವರು. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ, ಅದನ್ನು ಪರೀಕ್ಷಿಸುವ ಚೆಕ್ಕರನ ಪಕ್ಕದಲ್ಲೇ ಹೋಗಿ ಕುಳಿತುಕೊಳ್ಳುವರು. ಹೆಂಗಸರು ತಂದ ಕಟ್ಟನ್ನು ಆತ ಸರಿಯಿಲ್ಲವೆಂದು ಬದಿಗೆಸೆದರೆ, ಇವರು ಅದನ್ನೆತ್ತಿ ಬಿಚ್ಚಿ, ಒಂದೊಂದೇ ಬೀಡಿಯನ್ನು ಆತನ ಮೂಗಿನ ಕೆಳಗೆ ಹಿಡಿಯುವರು: "ಇದಕ್ಕೆ ಎಂತ ಆಗಿದೆ ಮಾರಾಯ? ಜ್ವರ ಉಂಟಾ?"

ಆ ನಾಲಗೆ ನನ್ನನ್ನೂ ಬಿಡಲಿಲ್ಲ. ಮೂಡಬಿದ್ರೆಯಲ್ಲಿ ಅಧ್ಯಾಪಕನಾಗಿದ್ದ ನಾನು ಸಂಬಳದಲ್ಲಿ ಉಳಿಸಿ ಒಂದು ಕಂಪೆನಿಯ ಷೇರು ಕೊಂಡ ಸುದ್ದಿ ಅವರಿಗೆ ಮುಟ್ಟಿತ್ತು. ತುಂಬಿದ ಸಭೆಯಲ್ಲಿ ನನ್ನತ್ತ ಬೆರಳು ಚಾಚಿ, "ನೋಡಿ ನಮ್ಮ ಮಾಷ್ಟ್ರನ್ನು! ಮಕ್ಕಳಿಗೆ ನೀತಿಪಾಠ, ತನಗೆ ಜೂಜು. ಬೇರೆಯವರ ಬೆವರಿಗೆ ಇವರು ಬಕೆಟ್ ಇಡುವುದು!" ಎಂದರು. ಜನ ನಕ್ಕರು. ಯಾರು ಯಾರು ನಕ್ಕರೆಂಬುದು ನನಗೆ ಇಂದಿಗೂ ನೆನಪಿದೆ. ಒಬ್ಬರು ನಮ್ಮ ಹೆಡ್‌ಮಾಷ್ಟ್ರು.

ಈಚೆಗೆ ಬೆಳ್ತಂಗಡಿಯ ಸಮೀಪ ಗೇರುಬೀಜದ ಕಾರ್ಖಾನೆಯೊಂದು ಇದ್ದಕ್ಕಿದ್ದಂತೆ ಬಾಗಿಲು ಹಾಕಿತು. ಅಲ್ಲಿ ದುಡಿಯುತ್ತಿದ್ದ ನನ್ನ ತಮ್ಮನ ಹೆಂಡತಿ ಸುಶೀಲೆಗೂ ಅವಳ ಜೊತೆಯವರಿಗೂ ಕೆಲಸ ಮುಗಿದಾಗ ಸಿಗಬೇಕಾದ ಗ್ರಾಚ್ಯುಟಿ ಕೈಸೇರಲಿಲ್ಲ. ತಮ್ಮ ತೀರಿಕೊಂಡ ಮೇಲೆ ಅವಳು ನಂಬಿದ್ದು ಅದೊಂದನ್ನೇ. "ಬಾಬಣ್ಣ ಗೇಟಿನಲ್ಲಿ ಒಮ್ಮೆ ಮಾತಾಡಿದರೆ ಸಾಕು ಭಾವ" ಎಂದಳು. ಹಳೆಯ ಅವಮಾನವನ್ನು ನುಂಗಿಕೊಂಡು ಅವಳೊಡನೆ ಬಂಟ್ವಾಳಕ್ಕೆ, ಅವರ ಮನೆಗೆ ಹೋದೆ.

ಬಾಬಣ್ಣ ಜಗಲಿಯಲ್ಲಿ ಕುಳಿತು ಮೊಬೈಲಿನಲ್ಲಿ ಷೇರುಪೇಟೆ ನೋಡುತ್ತಿದ್ದರು!

"ಬನ್ನಿ ಮಾಷ್ಟ್ರೇ. ಮಗಳು ದುಬಾಯಿಯಲ್ಲಿ ನರ್ಸ್ ಅಲ್ವಾ, ಅವಳು ಕಳಿಸಿದ್ದನ್ನು ತಿಂಗಳು ತಿಂಗಳು ಷೇರಿನ ಫಂಡಿಗೆ ಹಾಕ್ತೇನೆ. ಈಗ ಬೀಡಿ ಕಟ್ಟುವವರ ಮನೆಯಲ್ಲೂ ಇದೇ. ಮೊದಲು ಸರಕಾರ ಬಿದ್ದರೆ ನಾನು ಪಟಾಕಿ ಹೊಡೀತಿದ್ದೆ. ಈಗ ಅಲುಗಾಡಿದರೆ ಸಾಕು, ಷೇರು ಬೀಳ್ತದೆ ಅಂತ ಎದೆ ಢವಢವ. ಸ್ಥಿರ ಸರಕಾರ ಬೇಕು ಮಾರಾಯ್ರೇ, ಯಾವುದಾದರೂ ಆಗಲಿ."

"ಜೂಜು ಅಂದಿದ್ದಿರಿ" ಎಂದೆ.

"ನಾನಾ? ಯಾವಾಗ?"

ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಷೇರಿಗಿಂತ ಹೆಚ್ಚು ನನ್ನನ್ನು ಬೆಚ್ಚಿಬೀಳಿಸಿದ್ದು ಅದು.

ನಾವು ಬಂದ ವಿಷಯವನ್ನು ಸುಶೀಲೆ ತಿಳಿಸಿದಳು. ಬಾಬಣ್ಣ ಆಗದೆಂದು ತಲೆಯಾಡಿಸಿದರು. "ಗೇಟಿನಲ್ಲಿ ಕೂಗಿದರೆ ಇದ್ದ ಒಂದೆರಡು ಕಾರ್ಖಾನೆಯೂ ಓಡ್ತದೆ ಮಗಾ. ಸಿಕ್ಕಿದ್ದನ್ನು ತಗೊಂಡು ಫಂಡಿಗೆ ಹಾಕು. ಬೆಳೀತದೆ."

"ಸಿಕ್ಕಲಿಲ್ಲ ಅಂತಲೇ ಬಂದದ್ದು ಬಾಬಣ್ಣ. ಎಂತ ಹಾಕುವುದು, ಗೇರುಸಿಪ್ಪೆಯಾ?"

ಬಾಬಣ್ಣನ ದೃಷ್ಟಿ ಮೆಲ್ಲನೆ ಮೊಬೈಲಿಗೆ ಮರಳಿತು.

ಮರುದಿನ ಕಾರ್ಖಾನೆಯೆದುರು ಸೇರಿದ ಹೆಂಗಸರು ಬಂಟ್ವಾಳದ ಬಸ್ಸು ನಿಂತಾಗಲೆಲ್ಲ ಬಾಬಣ್ಣ ಇಳಿದರೇ ಎಂದು ಕತ್ತು ಚಾಚುತ್ತಿದ್ದರು. ನಿಜವನ್ನು ಹೇಳುವ ಧೈರ್ಯ ಸುಶೀಲೆಗಾಗಲಿ ನನಗಾಗಲಿ ಬರಲಿಲ್ಲ. ಕೊನೆಗೆ ಹಿರಿಯಳೊಬ್ಬಳು, "ಅವರು ಬರುವುದಿಲ್ಲ ಅಂತ ಕಾಣ್ತದೆ. ಮಾಷ್ಟ್ರೇ, ನೀವೇ ಹೋಗಿ ಕೇಳಿ" ಎಂದಳು.

ನಾನು ಗೇಟನ್ನು ತಟ್ಟಿದೆ. ಒಳಗಿನಿಂದ ಕಾವಲುಗಾರ ಇಣುಕಿ, "ನೀವು ಯಾರು?" ಎಂದ.

ಬಾಬಣ್ಣ ಬಂದಿದ್ದರೆ ಆ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ.