ಯಾರೂ ಒತ್ತದ ಹಸಿರು ಬಟನ್

ಹಸಿರು ಬಟನ್ ಅನ್ನು ಯಾರೂ ಒತ್ತಲಿಲ್ಲ. ಇದನ್ನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ, ಏಕೆಂದರೆ ಅದನ್ನು ಕಾಯುತ್ತಾ ನಿಂತಿದ್ದವಳು ನಾನೇ.

ಕಡಬದ ಕೆರೆಯ ಆಚೆ ದೊಡ್ಡಪ್ಪನ ತೆಂಗಿನ ತೋಟ. ತುಮಕೂರಿನ ಕಾಲೇಜೊಂದರಲ್ಲಿ ಜೀವರಸಾಯನಶಾಸ್ತ್ರ ಪಾಠ ಮಾಡುವ ನಾನು ಒಂದು ಶನಿವಾರ ಗುಬ್ಬಿಯಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೋಗಿದ್ದೆ. ಚೀಲದಲ್ಲಿ ಸೋಮವಾರದ ಪಾಠದ ಟಿಪ್ಪಣಿ ಇತ್ತು. ಕತ್ತಲಾದ ಮೇಲೆ ಮೆದುಳಿನಲ್ಲಿ ಒಸರುವ ಮೆಲಟೋನಿನ್ ಎಂಬ ಹಾರ್ಮೋನು ಜೀವಕೋಶದ ಹೊರಪೊರೆಯಲ್ಲಿರುವ ಗ್ರಾಹಕಕ್ಕೆ, ಅಂದರೆ ರಿಸೆಪ್ಟರಿಗೆ, ಬಂದು ಕೂರುತ್ತದೆ. ಗ್ರಾಹಕ ಒಳಗಿನ ಪ್ರೋಟೀನಿಗೆ ಸುದ್ದಿ ಮುಟ್ಟಿಸುತ್ತದೆ. ಹಾರ್ಮೋನು ಬಂದರೆ ಸಂಕೇತ, ಬಾರದಿದ್ದರೆ ಮೌನ. ವರ್ಷಗಳಿಂದ ಬೋರ್ಡಿನ ಮೇಲೆ ಇದನ್ನೇ ಬರೆದಿದ್ದೆ.

ಬೋರ್‌ವೆಲ್ಲಿನ ಕೇಬಲ್ ಒಂದು ಕಡೆ ಸುಟ್ಟುಹೋಗಿತ್ತು. ಕರೆಂಟ್ ಇರಲಿಲ್ಲ. ಮಧ್ಯಾಹ್ನದ ಮೇಲೆ ಬರುವುದು ವಾಡಿಕೆ. ಅಷ್ಟರಲ್ಲಿ ಜಾಯಿಂಟ್ ಹಾಕಿಬಿಡುತ್ತೇನೆಂದು ದೊಡ್ಡಪ್ಪ ಕೂತರು. ನನ್ನನ್ನು ಇಪ್ಪತ್ತು ಹೆಜ್ಜೆ ದೂರದ ಪಂಪ್‌ಹೌಸಿಗೆ ಕಳಿಸಿದರು.

"ಸ್ಟಾರ್ಟ್ರು ತಾವ ನಿಂತ್ಕಳವ್ವ. ಯಾರೂ ಬಟನ್ ಒತ್ತದಂಗೆ ನೋಡ್ಕೊ."

ನಿಂತೆ. ಮೋಟಾರು ಶುರುಮಾಡುವ ಹಸಿರು ಬಟನ್ನಿನ ಮುಂದೆ ಅಂಗೈ ಅಡ್ಡ ಹಿಡಿದು, ತೆರೆದ ಬಾಗಿಲಿನಾಚೆ ಅವರನ್ನು ನೋಡುತ್ತಾ ನಿಂತೆ. ಸ್ಟಾರ್ಟರಿನ ದೀಪ ಹೊತ್ತಿಕೊಂಡಿತು. ಕರೆಂಟ್ ಬೇಗ ಬಂತಲ್ಲ ಅಂದುಕೊಂಡೆ, ಅಷ್ಟೆ. ಬಟನ್ ನನ್ನ ಕಾವಲಿನಲ್ಲಿತ್ತಲ್ಲ, ಹೆದರುವುದೇನಿತ್ತು? ಒಂದೆರಡು ಉಸಿರು ಕಳೆದಿರಬೇಕು. ಸ್ಟಾರ್ಟರ್ ಪೆಟ್ಟಿಗೆಯೊಳಗೆ 'ಟಕ್' ಎಂದಿತು.

ಅತ್ತ ಬೋರ್‌ವೆಲ್ಲಿನ ಬಳಿ ಬರಿಯ ತಂತಿಗಳು ನೆಲದ ಒದ್ದೆ ತೆಂಗಿನ ಗರಿಯ ಮೇಲೆ ಕಿಡಿ ಕಾರಿದವು. ಆ ಗಳಿಗೆಯಲ್ಲಿ ದೊಡ್ಡಪ್ಪನ ಕೈಯಲ್ಲಿ ತಂತಿ ಇರಲಿಲ್ಲ. ಟೇಪಿನ ತುದಿ ಸಿಗದೆ, ತಂತಿ ಕೆಳಗಿಟ್ಟು, ಟೇಪನ್ನು ಹಲ್ಲಿನಿಂದ ಕೀಳುತ್ತಿದ್ದರು. ಅವರು ಉಳಿದದ್ದು ಅದೊಂದರಿಂದಲೇ. ನಾನು ಕೆಂಪು ಬಟನ್ ಒತ್ತಿದೆ. ನಿಂತಿತು. ಬೆರಳು ತೆಗೆದೆ. ಮತ್ತೆ 'ಟಕ್'. ಮತ್ತೆ ಒತ್ತಿದವಳು ಬಿಡಲಾರದೆ, ಹೆಬ್ಬೆರಳು ಬೆಳ್ಳಗಾಗುವಷ್ಟು ಅದುಮಿ ಹಿಡಿದು ಕಿರುಚಿದೆ.

ಓಡಿ ಬಂದ ದೊಡ್ಡಮ್ಮ ನನ್ನನ್ನು ನೋಡಲೂ ಇಲ್ಲ. ಗೋಡೆಯ ಬೋರ್ಡಿನಿಂದ ಮೂರೂ ಫ್ಯೂಸ್ ಕಿತ್ತು ಸೆರಗಿಗೆ ಹಾಕಿಕೊಂಡರು.

"ಆಟೋದಾಗೈತೆ ಕಣೇ ಅದು! ಅಷ್ಟು ಓದ್ಕಂಡು ಬಟನ್ ಕಾಯ್ಕಂಡು ನಿಂತವ್ಳೆ!" ಆಮೇಲೆ ಹೊರಗೆ ತಿರುಗಿ, "ನಿಮಗಾದ್ರೂ ಗ್ಯಾನ ಬ್ಯಾಡ್ವಾ?"

"ಮರ್ತೆ ಬುಡೇ," ಅಂದರು ದೊಡ್ಡಪ್ಪ. ಟೇಪು ಇನ್ನೂ ಹಲ್ಲಿನಲ್ಲೇ ಇತ್ತು.

ನಮ್ಮ ಕಡೆ ಎಲ್ಲರೂ ಸ್ಟಾರ್ಟರಿಗೆ ಆಟೋ ಹಾಕಿಸಿರುತ್ತಾರೆ. ಕರೆಂಟ್ ಯಾವಾಗ ಬಂದರೂ ಮೋಟಾರು ತಾನೇ ಶುರುವಾಗಿ ಗಿಡಗಳಿಗೆ ನೀರು ಹೋಗುತ್ತದೆ. ಇದು ನನಗೂ ಗೊತ್ತಿತ್ತು. ಆದರೂ ನನ್ನ ಮನಸ್ಸು ಬಟನ್ನೊಂದನ್ನೇ ಕಾಯುತ್ತಿತ್ತು. ಆ 'ಟಕ್' ಈಗಲೂ ಕೇಳುತ್ತದೆ. ಸ್ಟಾಫ್ ರೂಮಿನಲ್ಲಿ ಯಾರೋ ಪೆನ್ನಿನ ತುದಿ ಒತ್ತಿದರೂ ಬೆಚ್ಚುತ್ತೇನೆ. ನೋಡಿದ್ದು ನಾನು, ಸಾಯಬೇಕಿದ್ದವರು ಅವರು. ಅವರು ಆ ರಾತ್ರಿ ಮುದ್ದೆ ಉಂಡು ಮಲಗಿದರು.

ಸೋಮವಾರ ಬೋರ್ಡಿನ ಮೇಲೆ ಹಳೆಯ ಸಾಲು ಬರೆಯಲು ಕೈ ಬರಲಿಲ್ಲ. ಅದು ಪೂರ್ತಿ ನಿಜವಲ್ಲವೆಂದು ಓದಿದ್ದೆ. ಪರೀಕ್ಷೆಗೆ ಬೇಡವೆಂದು ಬಿಟ್ಟಿದ್ದೆ. ಮೆಲಟೋನಿನ್ ಸ್ವಲ್ಪವೂ ಇಲ್ಲದ ದ್ರಾವಣದಲ್ಲಿಟ್ಟ ಜೀವಕೋಶಗಳಲ್ಲೂ ಈ ಗ್ರಾಹಕ ಸುಮ್ಮನಿರದೆ ಸಣ್ಣಗೆ ಕೆಲಸ ನಡೆಸುವುದುಂಟು. ಅದು ನಿಂತಲ್ಲೇ ಹೊರಳಾಡುತ್ತಿರುತ್ತದೆ. ಒಮ್ಮೊಮ್ಮೆ ಹಾರ್ಮೋನು ಕೂತಾಗಿನ ಆಕಾರವೇ ತಾನಾಗಿ ಬಂದುಬಿಡುತ್ತದೆ. ಒಳಗಿನ ಪ್ರೋಟೀನು ಅದನ್ನೇ ಸುದ್ದಿಯೆಂದು ತಿಳಿದು, ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕವನ್ನು ತಗ್ಗಿಸುತ್ತದೆ. ಮೋಟಾರಿನ ಅಬ್ಬರ ಅದಕ್ಕಿಲ್ಲ, ಆದರೆ ಮೌನವೂ ಅಲ್ಲ.

"ಮೇಡಂ, ಹಾರ್ಮೋನ್ ಕೂರೋ ಜಾಗಾನೇ ಮುಚ್ಚಿಬಿಟ್ರೆ?" ಮುಂದಿನ ಬೆಂಚಿನ ಹುಡುಗಿ ಕೇಳಿದಳು.

"ಮುಚ್ಚಿದ್ರೆ ಹಾರ್ಮೋನ್ ಬರಲ್ಲ, ಅಷ್ಟೆ. ಗ್ರಾಹಕ ತಾನಾಗಿ ಕೊಡೋ ಸಂಕೇತ ನಿಲ್ಲಲ್ಲ. ಅದನ್ನ ನಿಲ್ಲಿಸೋ ಔಷಧಿ ಬೇರೆ ಥರದ್ದು. ಅದು ಗ್ರಾಹಕವನ್ನ ಸುಮ್ಮನಿರೋ ಆಕಾರದಲ್ಲೇ ಹಿಡಿದಿಡಬೇಕು. ಬಟನ್ ಕಾಯೋದು ಬೇರೆ, ಫ್ಯೂಸ್ ಕೀಳೋದು ಬೇರೆ."

ತೋಟದ ಮನೆಗಳ ಮಕ್ಕಳೇ ಹೆಚ್ಚಿದ್ದ ತರಗತಿ ನಕ್ಕಿತು. ನಾನು ನಗಲಿಲ್ಲ, ಆದರೆ ಅಷ್ಟು ಖಚಿತವಾಗಿ ಹಿಂದೆಂದೂ ಪಾಠ ಮಾಡಿರಲಿಲ್ಲ.

ಮುಂದಿನ ಭಾನುವಾರ ಹೊಸ ಕೇಬಲ್ ಬಂತು. ಮೊದಲು ಫ್ಯೂಸ್‌ಗಳನ್ನು ನಾನೇ ಕಿತ್ತು ದೊಡ್ಡಮ್ಮನ ಮಡಿಲಿಗೆ ಹಾಕಿದೆ. ಅವರು ಬೋರ್‌ವೆಲ್ಲಿನ ಪಕ್ಕದ ಕಲ್ಲಿನ ಮೇಲೆ ಕೂತರು.

"ಲೇ, ಕೊಡ್ತೀಯೇನೇ ಆಮ್ಯಾಕೆ?" ದೊಡ್ಡಪ್ಪ ಕೆಣಕಿದರು.

"ನೀವು ಕೈ ತೊಳ್ಕಂಡು ಬಂದ್ ಮ್ಯಾಗೆ."

ಕೆಲಸ ಅರ್ಧವಾಗಿರುವಾಗ ಪಕ್ಕದ ತೋಟದಲ್ಲಿ 'ಟಕ್' ಎಂದು ಮೋಟಾರು ಗುಂಯ್‌ಗುಟ್ಟಿತು. ಆಮೇಲೆ ಅದರಾಚೆಯದು. ಕರೆಂಟ್ ಬಂದಿತ್ತು. ಕೆಂಪು ಬಟನ್ ಅದುಮಲು ಹೊರಟಂತೆ ನನ್ನ ಕೈ ತಾನಾಗಿ ಮೇಲೆದ್ದಿತು. ದೊಡ್ಡಮ್ಮ ಮಡಿಲು ಮುಟ್ಟಿ ನೋಡಿಕೊಂಡರು. ದೊಡ್ಡಪ್ಪ ತಲೆ ಎತ್ತಲಿಲ್ಲ. ಬರಿಯ ತಾಮ್ರದ ತಂತಿಗಳನ್ನು ಬೆರಳಿನಲ್ಲಿ ಹೊಸೆಯುತ್ತಲೇ ಇದ್ದರು.