ಕುರ್ಚಿಯಲ್ಲಿ ಕೂತು ಬೀಡಿ ಕಟ್ಟುವುದು

ಮಧ್ಯಾಹ್ನ ಮೂರು ಗಂಟೆಗೆ ಸಿದ್ಧಕಟ್ಟೆಯ ನಮ್ಮ ನೆರೆಮನೆಯ ಅಕ್ಕ ಎಲೆ, ತಂಬಾಕು ಇಟ್ಟ ಮೊರದಂಥ ಗೆರಸೆ ಹಿಡಿದು ಬೀಡಿ ಕಟ್ಟಲು ಜಗಲಿಯ ನೆಲದಲ್ಲಿ ಕೂರಹೊರಟರು. ವರ್ಷಗಳ ಸಂಧಿವಾತ ಅವರ ತೊಡೆಯ ಮಾಂಸವನ್ನು ಕರಗಿಸಿ, ಎಲುಬನ್ನು ಟೊಳ್ಳಾಗಿಸಿತ್ತು. ನೆಲದಲ್ಲಿ ಕೂರಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ನಾನೇ ಒಂದು ಕುರ್ಚಿ ತಂದುಕೊಟ್ಟಿದ್ದೆ.

"ಕುರ್ಚಿಯಲ್ಲಿ ಕೂತು ಬೀಡಿ ಕಟ್ಟುವವರು ಉಂಟಾ ಮಾರಾಯ್ತಿ? ನಾನೆಂತ ಮ್ಯಾನೇಜರಾ?" ಎಂದು ಸೊಟ್ಟ ಬೆರಳು ಆಡಿಸಿ ಯಾವಾಗಲೂ ನಗುತ್ತಿದ್ದರು. ಅಂದೂ ನಕ್ಕರು. ಅರ್ಧ ಬಗ್ಗುವಷ್ಟರಲ್ಲಿ ಕಾಲು ಸೋತಿತು. ನಾನು ಕೈ ಚಾಚಿದೆ, ತಲುಪಲಿಲ್ಲ. ಸೊಂಟದ ಎಲುಬು ಮುರಿದ ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಆಪರೇಷನ್ ಆಗಿ ಎಷ್ಟೋ ವಾರಗಳ ಬಳಿಕ ಒಂದು ರಾತ್ರಿ ಅವರು ನರಳದೆ ನಿದ್ರಿಸಿದರು. ಬೆಳಿಗ್ಗೆ ತಾವಾಗಿಯೇ ಕುರ್ಚಿ ಕೇಳಿದರು. ಗೆರಸೆ ಕೇಳಲಿಲ್ಲ.