ಚೇಂಬರ್ ಗಾರ್ಡಿನ ಎಡಭಾಗ

ನಮ್ಮ ಅಪ್ಪನಿಗೆ ಆಗದ್ದು ಎಂದರೆ ಎರಡೇ. ನಮ್ಮ ತೋಟದ ದಾರಿಯ ಬಂಡೆಗಳು, ಮತ್ತು ಜೀಪು ಮಾರಿಬಿಡು ಎಂದು ಬುದ್ಧಿ ಹೇಳುವ ನೆಂಟರು. ಇವೆರಡರಲ್ಲಿ ಬಂಡೆಗಳ ಮೇಲೆ ಅವನಿಗೆ ಸ್ವಲ್ಪ ಮರ್ಯಾದೆ ಇದೆ.

ತೋಟ ಇರುವುದು ಜವಳಗಿರಿಯ ಆಚೆ, ಕಾಡಿನ ಅಂಚಿನಲ್ಲಿ. ಟಾರು ರಸ್ತೆ ಬಿಟ್ಟು ಒಳಗೆ ತಿರುಗಿದರೆ ಮುಂದಿನದನ್ನು ದಾರಿ ಅನ್ನುವುದು ಬರೀ ಮಾತಿಗೆ. ಮೊದಲು ಹಳ್ಳ, ಹಳ್ಳ ದಾಟಿದರೆ ಏರು, ಏರಿನ ತುಂಬ ಗೇಣುದ್ದ ತಲೆ ಎತ್ತಿಕೊಂಡ ಕಲ್ಲುಗಳು. ಹುರುಳಿಕಾಯಿ ಕೊಳ್ಳಲು ಬರುವ ಟೆಂಪೋದವರು ಟಾರಿನ ಮೇಲೆಯೇ ನಿಂತು ಹಾರನ್ ಹೊಡೆಯುತ್ತಾರೆ. ಮೂಟೆಗಳನ್ನು ಅಲ್ಲಿಯವರೆಗೆ ತರುವುದು ನಮ್ಮ ಹಳೇ ಜೀಪಿನ ಕೆಲಸ. ಹೊತ್ತು ಮುಳುಗಿದರೆ ಆನೆಗಳು ಹಳ್ಳಕ್ಕೆ ಇಳಿಯುವುದರಿಂದ, ಜೀಪು ಓಡಿಸುವ ಅಪ್ಪನಿಗೆ ನಿಧಾನವಾಗಿ ಬಾರಪ್ಪ ಎಂದು ಹೇಳಲೂ ಆಗುವುದಿಲ್ಲ.

ಇಂಜಿನ್ನಿನ ಕೆಳಗೆ ಆಯಿಲ್ ನಿಲ್ಲುವ ತಟ್ಟೆಯಂಥದ್ದೊಂದು ಇರುತ್ತದೆ. ನಮ್ಮ ಕಡೆಯ ಮೆಕ್ಯಾನಿಕ್ಕುಗಳು ಅದಕ್ಕೆ ಚೇಂಬರ್ ಅನ್ನುತ್ತಾರೆ. ಅದು ಕಲ್ಲಿಗೆ ತಗುಲಿ ಒಡೆದರೆ ಆಯಿಲ್ಲೆಲ್ಲ ನೆಲದ ಪಾಲು, ಜೀಪು ನಿಂತಲ್ಲೇ ಲಿಂಗ. ಒಂದು ಸಲ ಹಾಗೆ ಒಡೆದ ಮೇಲೆ ಅಪ್ಪ ಅದರ ಕೆಳಗೆ ಅಡ್ಡವಾಗಿ ಒಂದು ಕಬ್ಬಿಣದ ತಗಡು ಹಾಕಿಸಿದ. ಇದೇ ಚೇಂಬರ್ ಗಾರ್ಡು. ಕೆಲವೇ ವಾರಗಳಲ್ಲಿ ತಗಡು ಹಪ್ಪಳದಂತೆ ಸೊಟ್ಟಗಾಯಿತು. ಅದರ ಮೇಲೆ ಇನ್ನೊಂದು ದಪ್ಪ ತಗಡು ಬಂತು. ಅದೂ ತಗ್ಗುಬಿದ್ದಾಗ ಅಡ್ಡಪಟ್ಟಿಗಳು ಬಂದವು. ಡೆಂಕಣಿಕೋಟೆಯ ವೆಲ್ಡಿಂಗ್ ಅಂಗಡಿಯವನು ತಮಿಳಿನವನು, ಅಪ್ಪನನ್ನು ಕಂಡರೆ ಅವನಿಗೆ ಪ್ರೀತಿ. ಆದರೂ ಒಂದು ದಿನ ತಡೆಯಲಾರದೆ ಕೇಳಿದ:

“ಅಯ್ಯಾ, ಇದು ಜೀಪಾ, ಮಿಲಿಟ್ರಿ ಟ್ಯಾಂಕಾ?”

“ನೀನು ಮಾತು ಕಮ್ಮಿ ಮಾಡ್ಕೊಂಡು ಬೆಸುಗೆ ಜಾಸ್ತಿ ಹಾಕು ತಂಬಿ,” ಎಂದ ಅಪ್ಪ.

ಗಾರ್ಡು ಭಾರವಾಯಿತು. ಭಾರಕ್ಕೆ ಮುಂದಿನ ಸ್ಪ್ರಿಂಗ್ ಪಟ್ಟಿಗಳು ಕುಸಿದವು. ಕುಸಿದಿದ್ದರಿಂದ ಜೀಪಿನ ಹೊಟ್ಟೆ ನೆಲಕ್ಕೆ ಇನ್ನಷ್ಟು ಹತ್ತಿರವಾಗಿ, ಮೊದಲು ತಗುಲದಿದ್ದ ಕಲ್ಲುಗಳೂ ತಗುಲತೊಡಗಿದವು. ಇದನ್ನು ವಿವರಿಸಿ ಹೇಳಿದರೆ ಅಪ್ಪ ಗಮನವಿಟ್ಟು ಕೇಳಿ, “ಅದ್ಕೇ ಅನ್ನದು, ಇನ್ನೊಂದು ತಗಡು ಬೇಕು ಅಂತ,” ಎಂದು ತೀರ್ಪು ಕೊಡುತ್ತಿದ್ದ.

ಆ ಮೂರನೇ ತಗಡಿಗಾಗಿಯೇ ಒಂದು ಭಾನುವಾರ ಅಂಗಳದಲ್ಲಿ ಗಾರ್ಡು ಬಿಚ್ಚಿದೆವು. ಅದನ್ನು ಇಳಿಸಲು ನಾವಿಬ್ಬರೂ ಏದುಸಿರು ಬಿಟ್ಟೆವು. ಹಿಡಿದಿದ್ದ ಕೆಸರನ್ನು ತಂತಿ ಬ್ರಷ್ಷಿನಿಂದ ಉಜ್ಜುವ ಕೆಲಸ ನನಗೆ ಬಿತ್ತು. ನಾನು ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದೇನೆ. ದಿನವಿಡೀ ತಗಡಿನ ಪೀಸುಗಳನ್ನು ತಿರುಗಿಸಿ ನೋಡುವುದೇ ಕೆಲಸ. ಒಂದು ಪೀಸಿನಲ್ಲಿ ಗೀರು ಇದ್ದರೆ ಅದು ಪೀಸಿನ ತಪ್ಪು. ಎಲ್ಲ ಪೀಸುಗಳಲ್ಲೂ ಒಂದೇ ಜಾಗದಲ್ಲಿ ಗೀರು ಇದ್ದರೆ ತಪ್ಪು ಅಚ್ಚಿನದು. ಈ ಚಟ ಮನೆಗೂ ಬಂದಿದೆ, ಅಮ್ಮನ ರೊಟ್ಟಿಯನ್ನೂ ನಾನು ತಿರುಗಿಸಿ ನೋಡಿ ಬೈಸಿಕೊಳ್ಳುತ್ತೇನೆ. ಕೆಸರು ಹೋದಂತೆ ಗಾರ್ಡಿನ ಏಟುಗಳು ಕಾಣಿಸಿದವು. ಎಲ್ಲ ಏಟುಗಳೂ ಎಡಭಾಗದಲ್ಲಿದ್ದವು. ಬಲಭಾಗ ಹೊಸದಾಗಿ ತಂದಂತಿತ್ತು.

“ಅಪ್ಪಾ, ಏಟೆಲ್ಲಾ ಎಡಗಡೇಗೇ ಬಿದ್ದೈತೆ.”

“ಕಲ್ಲು ಎಡಗಡೆ ಐತೆ, ಎಡಗಡೇಗೇ ಬೀಳ್ತದೆ.”

“ಹೋಗೋವಾಗ ಎಡಗಡೆ. ಬರೋವಾಗ ಅದೇ ಕಲ್ಲು ಬಲಗಡೆ ಆಗ್ಬೇಕಲ್ಲ?”

ಅಪ್ಪ ನಟ್ಟು ಬಿಚ್ಚುವ ಪಾನ ಹುಡುಕುವವನಂತೆ ಸಾಮಾನಿನ ಡಬ್ಬಿಯೊಳಗೆ ಕೈ ಹಾಕಿ ಕಲಕತೊಡಗಿದ. ಪಾನ ಅವನ ಎಡಮೊಣಕಾಲಿನ ಪಕ್ಕದಲ್ಲೇ ಬಿದ್ದಿತ್ತು.

ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ತಲೆ ಎತ್ತದೆ ಹೇಳಿದಳು: “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಎಡಗಣ್ಣಿಗೆ ಪೊರೆ ಬಂದೈತೆ, ಇವ್ರು ಜೀಪ್ಗೆ ವೆಲ್ಡಿಂಗ್ ಹಾಕುಸ್ಕೊಂಡು ತಿರುಗ್ತಾವ್ರೆ.”

“ನಿಂಗೆ ಗೊತ್ತಿತ್ತಾ?” ಎಂದೆ.

“ಗೊತ್ತಿಲ್ದೆ ಇರ್ತದಾ? ನಂಗೇನು ಆ ಜೀಪಲ್ಲಿ ಕುಕ್ಕರ್ಸಿ ಸೊಂಟ ಮುರ್ಕೊಳ್ಳೋ ಆಸೆಯಾ?”

ಅಮ್ಮ ಪ್ರತಿ ಸಲವೂ ಅವನ ಎಡಪಕ್ಕದ ಸೀಟಿನಲ್ಲಿ ಕೂತು, ಕಲ್ಲು ಕಲ್ಲು ಎಂದು ದಾರಿಯುದ್ದಕ್ಕೂ ಕೂಗುತ್ತಿದ್ದುದು ನನಗೆ ಅದುವರೆಗೆ ಗಂಡ ಹೆಂಡಿರ ಜಗಳವಾಗಿ ಕೇಳಿಸುತ್ತಿತ್ತು. ಗಾರ್ಡಿನ ಮೇಲಿದ್ದ ಏಟುಗಳೆಲ್ಲ ಅವಳು ತವರಿಗೆ ಹೋದ ದಿನಗಳವು, ಇಲ್ಲವೇ ಸಂಘದ ಮೀಟಿಂಗಿಗೆ ಹೋದ ದಿನಗಳವು. ಇಬ್ಬರೂ ಸೇರಿ ಮಗಳಿಂದಲೇ ಗುಟ್ಟು ಮುಚ್ಚಿಟ್ಟಿದ್ದರು. ನನಗೆ ಸಿಟ್ಟು ಬಂತು. ಆಪರೇಷನ್ ಎಂದರೆ ಈಗ ಎಷ್ಟು ಸುಲಭ, ಬೆಳಿಗ್ಗೆ ಹೋದರೆ ಸಂಜೆಗೆ ಮನೆ ಎಂದೆಲ್ಲ ಜೋರು ಮಾಡಿದೆ.

ಅಪ್ಪ ಡಬ್ಬಿ ಬದಿಗಿಟ್ಟ. “ಆಪರೇಷನ್ಗಲ್ಲ ಕಣಮ್ಮಾ. ಒಂದ್ಸಲ ಕೀ ಕೊಟ್ರೆ ವಾಪಸ್ ಬರಲ್ಲ. ವಯಸ್ಸಾಯ್ತು ಸುಮ್ನಿರು ಅಂತಾರೆ ಎಲ್ರೂವೆ. ಆಮೇಲೆ ನಾನು ಈ ಜಗಲಿ ಮೇಲೆ ಕೂತ್ಕೊಂಡು ಹೋಗೋರ ಬರೋರ್ನ ಎಣಿಸ್ತಿರ್ಬೇಕು.”

ಹಳ್ಳದಲ್ಲಿ ಒಂಟಿಸಲಗ ಎದುರಾದಾಗಲೂ ಜೀಪಿನ ಲೈಟು ಆರಿಸಿ ಆರಾಮಾಗಿ ಬೀಡಿ ಹುಡುಕಿದ ಮನುಷ್ಯ ಇವನು. ಅಂಥವನು ಹೆದರಿದ್ದನ್ನು ನಾನು ಅಂದೇ ಕಂಡಿದ್ದು. ನನ್ನ ಜೋರೆಲ್ಲ ಇಳಿದುಹೋಯಿತು. ಸಂಕಟವೂ ಆಯಿತು.

“ಡಾಕ್ಟ್ರು ಓಡಿಸ್ಬೋದು ಅಂದ ದಿನಾನೇ ಕೀ ನಿನ್ ಕೈಗೆ ಕೊಡ್ತೀನಿ. ನಿನ್ನಾಣೆ,” ಎಂದೆ.

“ನನ್ನಾಣೆ ಬ್ಯಾಡ. ನಿನ್ ಫ್ಯಾಕ್ಟರಿ ಆಣೆ ಇಡು, ಅದಾದ್ರೆ ನಂಬ್ತೀನಿ,” ಎಂದ. ಇಟ್ಟೆ.

ಹೊಸೂರಿನಲ್ಲಿ ಆಪರೇಷನ್ ಆಯಿತು. ಕೆಲವು ವಾರ ಕುಲುಕಾಟ ಕೂಡದು, ಬಗ್ಗಿ ಭಾರ ಎತ್ತಕೂಡದು ಎಂದರು ಡಾಕ್ಟರು. ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ವೆಲ್ಡಿಂಗ್ ಅಂಗಡಿಯ ಬೆಂಚಿನ ಮೇಲೆ ಕೂತು ಮೇಲ್ವಿಚಾರಣೆ ಮಾಡಿದ. ನಾನು ಬರೆದುಕೊಟ್ಟಂತೆ ಹಳೇ ತಗಡುಗಳ ಕಂತೆಯನ್ನು ಬಿಸಾಕಿ, ಒಂದೇ ಒಂದು ಗಟ್ಟಿ ಪ್ಲೇಟು ಹಾಕಿಸಿದೆವು. ಮುಂದಿನ ಅಂಚನ್ನು ಮೇಲಕ್ಕೆ ಬಗ್ಗಿಸಿದ್ದರಿಂದ ಕಲ್ಲು ಸಿಕ್ಕಿದರೆ ಇರಿಯುವ ಬದಲು ಜಾರಬೇಕು. ಒಳಬದಿಗೆ ಎರಡು ಪಟ್ಟಿ, ಕೆಸರು ಇಳಿಯಲು ತೂತುಗಳು, ಆಯಿಲ್ ಬದಲಿಸಲು ಒಂದು ದೊಡ್ಡ ತೂತು. ಕುಸಿದ ಸ್ಪ್ರಿಂಗುಗಳಿಗೂ ಒಂದೊಂದು ಪಟ್ಟಿ ಸೇರಿಸಿದೆವು. ವೆಲ್ಡಿಂಗಿನವನು ಅದನ್ನು ಒಬ್ಬನೇ ಎತ್ತಿ ಹಿಡಿದು ನಕ್ಕ. ಅಪ್ಪನಿಗೆ ಮಾತ್ರ ಸಮಾಧಾನವಿಲ್ಲ. “ಇಷ್ಟ್ ಹಗೂರ ಇದ್ರೆ ಕಲ್ಲಿಗೆ ಭಯ ಇರಾಕಿಲ್ಲ,” ಎಂದ.

ಆ ವಾರಗಳಲ್ಲಿ ಪಕ್ಕದ ತೋಟದವರ ಟ್ರ್ಯಾಕ್ಟರಿನಲ್ಲಿ ನಮ್ಮ ಮೂಟೆಗಳೂ ಹೋದವು, ಭಾನುವಾರ ಮಾತ್ರ ನಾನು ಜೀಪು ತೆಗೆದೆ. ಕಾಲೇಜಿಗೆ ಸೇರುವ ಮೊದಲೇ ಅಪ್ಪ ಕಲಿಸಿದ ಡ್ರೈವಿಂಗು, ಏನು ಮಹಾ ಎಂದುಕೊಂಡು ಒಂದು ಭಾನುವಾರ ಏರು ಇಳಿಯುತ್ತಿದ್ದೆ. ಎಡಗಡೆಯ ಕಲ್ಲುಗಳನ್ನು ಒಂದೊಂದಾಗಿ, ಗುರುಹಿರಿಯರನ್ನು ಕಂಡಂತೆ, ಪಕ್ಕಕ್ಕೆ ಸರಿದು ಮರ್ಯಾದೆಯಿಂದ ದಾಟಿದೆ. ಅಷ್ಟರಲ್ಲಿ ಡಂಯ್ ಎಂದು ಜೀಪು ಒಂದು ಸಲ ಎದ್ದು ಕೂತಿತು. ಪಕ್ಕದಲ್ಲಿದ್ದ ಅಮ್ಮ ಸಿಟ್ಟು ಬಂದಾಗ ಆಡುವ ತವರಿನ ತೆಲುಗಿನಲ್ಲಿ ನನಗೆ ಏನೇನೋ ಅಂದಳು. ಆಯಿಲ್ ಒಂದು ಹನಿಯೂ ಸುರಿದಿರಲಿಲ್ಲ.

ಅಪ್ಪ ಟಾರು ರಸ್ತೆಯ ಟೀ ಅಂಗಡಿಯಲ್ಲಿ ಕಾಯುತ್ತಿದ್ದ. ಸದ್ದು ಅಲ್ಲಿಗೂ ಕೇಳಿಸಿತ್ತು. ಜೀಪು ನಿಲ್ಲಿಸುವ ಮೊದಲೇ ಕೇಳಿದ:

“ಯಾವ್ ಕಡೆ?”

ಬಗ್ಗಿ ನೋಡಿ ಬಂದೆ. “ಬಲಗಡೆ.”

“ಹಂಗಾರೆ ನಾಳೆ ನಿಂಗೂ ಕಣ್ ತೋರ್ಸಾನ,” ಎಂದು ಟೀ ಮುಗಿಸಿದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಕುಣಿಯಲಾರದವಳು ನೆಲ ಡೊಂಕು ಅಂದಳು ಎನಿಸಿಕೊಳ್ಳಬಾರದೆಂದು ನಾನು ಬಂಡೆಯ ಮಾತು ಎತ್ತಲಿಲ್ಲ.

ಮುಂದಿನ ತಪಾಸಣೆಯಲ್ಲಿ ಡಾಕ್ಟರು ಎರಡೂ ಕಣ್ಣು ನೋಡಿ, ಇನ್ನು ಗಾಡಿ ಓಡಿಸಬಹುದು ಎಂದರು. ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕೀ ತೆಗೆದು ಅಪ್ಪನ ಕೈಗಿಟ್ಟೆ. ಅವನು ಅದನ್ನು ಶರ್ಟಿನ ಜೇಬಿಗೆ ಹಾಕಿಕೊಂಡು, ಮನೆ ಮುಟ್ಟುವವರೆಗೂ ಬಸ್ಸಿನಲ್ಲಿ ಜೇಬಿನ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದ. ನಾನು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಆ ಭಾನುವಾರ ಅವನೇ ಜೀಪು ತೆಗೆದ. ನಾನು ಹಿಂದೆ ಮೂಟೆಗಳ ಮೇಲೆ ಕೂತು, ಹೋಗುವಾಗಲೂ ಬರುವಾಗಲೂ ಡಂಯ್ ಎನ್ನುವ ಸದ್ದಿಗಾಗಿ ಕಿವಿಗೊಟ್ಟಿದ್ದೆ. ಎಲ್ಲಿಯೂ ಕೇಳಿಸಲಿಲ್ಲ. ಖುಷಿಯಾಯಿತು. ಸ್ವಲ್ಪ ಹೊಟ್ಟೆಯುರಿಯೂ ಆಯಿತು.

ಇಂದಿಗೂ ಆ ಹೊಸ ಗಾರ್ಡಿನಲ್ಲಿರುವುದು ಒಂದೇ ತಗ್ಗು. ಮನೆಗೆ ಯಾರು ಬಂದರೂ, ಜೀಪು ಮಾರು ಎನ್ನುತ್ತಿದ್ದ ನೆಂಟರೇ ಆದರೂ, ಅಪ್ಪ ಅವರನ್ನು ಇಸ್ತ್ರಿ ಬಟ್ಟೆಯಲ್ಲೇ ಅಂಗಳಕ್ಕೆ ಕರೆದೊಯ್ದು, ಬಗ್ಗಿಸಿ, ಟಾರ್ಚು ಬಿಟ್ಟು ಅದನ್ನು ತೋರಿಸುತ್ತಾನೆ.

“ಇದು ನಮ್ಮ ಹುಡುಗೀದು,” ಎನ್ನುತ್ತಾನೆ.